ಎರಡು ಧ್ರುವಗಳ ಗಡಿಯಲ್ಲಿ: ಕೊಡೈಕನಾಲ್‌ನಿಂದ ಕಂಡ 13664

ಮೇ 8, ಬುಧವಾರ: ಬೆಂಗಳೂರಿನಿಂದ ಬೆಟ್ಟಕ್ಕೆ

ಊಟಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯವೆಂಬ ಮದ್ರಾಸ್ ಹೈಕೋರ್ಟಿನ ಆದೇಶ ಜಾರಿಗೆ ಬಂದದ್ದು 2024ರ ಮೇ 7ರಂದು. ಅದರ ಮರುದಿನ ನಸುಕಿನಲ್ಲಿ, ಪಾಸನ್ನು ಮೊಬೈಲಿನಲ್ಲಿ ಇಳಿಸಿಕೊಂಡು, ನಾನೂ ನನ್ನ ಭಾವನೂ ಬೆಂಗಳೂರು ಬಿಟ್ಟೆವು. ಭಾವ ವಿದ್ಯುತ್ ಪ್ರಸರಣ ಕೇಂದ್ರಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್. ನಾನು ಹವ್ಯಾಸಿ ಆಕಾಶ ವೀಕ್ಷಕ. ಕಾರಿನ ಹಿಂದಿನ ಸೀಟಿನಲ್ಲಿ 80 ಮಿ.ಮೀ. ಮಸೂರದ ದೂರದರ್ಶಕವೂ ಅದರ ಬಾಯಿಗೆ ಕಟ್ಟುವ ಸೌರ ಫಿಲ್ಟರೂ ಇದ್ದವು. ಕೊಡೈಕನಾಲ್‌ನ ಸೌರ ವೀಕ್ಷಣಾಲಯವನ್ನು ನೋಡಬೇಕೆಂಬುದು ನನ್ನ ಹಳೆಯ ಆಸೆ. ಅದೇ ವಾರ ಸೂರ್ಯನ ದಕ್ಷಿಣಾರ್ಧದಲ್ಲಿ 13664 ಎಂಬ ಸಂಖ್ಯೆಯ ಕಲೆಗಳ ಗುಂಪು ಊದಿಕೊಳ್ಳತೊಡಗಿದ್ದು ಕೇವಲ ಕಾಕತಾಳೀಯ.

ಮೇ ತಿಂಗಳ ಆರಂಭದಲ್ಲಿ ಸೂರ್ಯಬಿಂಬದ ಪೂರ್ವದಂಚಿನಲ್ಲಿ ಕಾಣಿಸಿಕೊಂಡಾಗ ಈ ಗುಂಪು ಯಾರ ಗಮನವನ್ನೂ ವಿಶೇಷವಾಗಿ ಸೆಳೆಯುವಂಥದ್ದಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಅದರ ಒಡಲಿನಲ್ಲೂ ಪಕ್ಕದಲ್ಲೂ ಹೊಸ ಹೊಸ ಕಾಂತಕ್ಷೇತ್ರಗಳು ಒಳಗಿನಿಂದ ಮೇಲೆದ್ದು ಬಂದವು. ನೆರೆಯ 13668 ಎಂಬ ಗುಂಪೂ ಇದರೊಂದಿಗೆ ಬೆಸೆದುಕೊಂಡಿತು. ಸೂರ್ಯನ ಒಳಪದರಗಳಲ್ಲಿ ಕಟ್ಟಿಕೊಂಡ ಕಾಂತಕ್ಷೇತ್ರದ ಕೊಳವೆಗಳು ಸುತ್ತಲಿನ ಅನಿಲಕ್ಕಿಂತ ಹಗುರವಾಗಿ ತೇಲಿ ಮೇಲ್ಮೈಯನ್ನು ಭೇದಿಸುತ್ತವೆ. ಅವು ಹೊರಬರುವ ಕಡೆ ಒಂದು ಧ್ರುವ, ಮತ್ತೆ ಒಳಹೋಗುವ ಕಡೆ ಅದರ ವಿರುದ್ಧ ಧ್ರುವ. ಅಲ್ಲಿನ ಪ್ರಬಲ ಕ್ಷೇತ್ರ ಕೆಳಗಿನಿಂದ ಶಾಖವನ್ನು ಹೊತ್ತು ತರುವ ಅನಿಲದ ಕುದಿತವನ್ನು ತಡೆಯುವುದರಿಂದ ಆ ಜಾಗ ತಂಪಾಗುತ್ತದೆ. ಸುತ್ತಲಿನ ಮೇಲ್ಮೈ ಸುಮಾರು 5800 ಕೆಲ್ವಿನ್ ಇರುವಾಗ ಕಲೆಯ ನಡುಭಾಗ 4000 ಕೆಲ್ವಿನ್‌ನ ಆಸುಪಾಸಿಗೆ ಇಳಿದಿರುತ್ತದೆ. ನಮ್ಮ ಕಣ್ಣಿಗೆ ಕಾಣುವ ಕಪ್ಪು ಅಷ್ಟೇ.

ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ ದಾಟುವವರೆಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ನಾಮಕ್ಕಲ್‌ನಲ್ಲಿ ಕಾಫಿಗೆ ನಿಂತಾಗ ಮೊಬೈಲಿನಲ್ಲಿ, ಸೂರ್ಯನಿಂದ ಬರುವ ಎಕ್ಸ್ ಕಿರಣಗಳನ್ನು ಅಳೆಯುವ ಅಮೆರಿಕದ ಗೋಸ್ ಉಪಗ್ರಹದ ನಕ್ಷೆಯನ್ನು ತೆರೆದೆ. ಭಾರತೀಯ ಕಾಲಮಾನ 10.39ಕ್ಕೆ ರೇಖೆ ನೆಟ್ಟಗೆ ಮೇಲೇರಿ ಎಕ್ಸ್ 1 ಮಟ್ಟವನ್ನು ಮುಟ್ಟಿ, ಆಮೇಲೆ ನಿಧಾನವಾಗಿ ಇಳಿದಿತ್ತು. 13664 ತನ್ನ ಮೊದಲ ಎಕ್ಸ್ ವರ್ಗದ ಸೌರಜ್ವಾಲೆಯನ್ನು, ಅಂದರೆ ವಿಕಿರಣದ ಹಠಾತ್ ಸ್ಫೋಟವನ್ನು, ಸಿಡಿಸಿತ್ತು.

“ಎಕ್ಸ್ ಅಂದರೆ ಎಷ್ಟಪ್ಪ, ಲೆಕ್ಕದಲ್ಲಿ ಹೇಳು” ಎಂದರು ಭಾವ.

ಜ್ವಾಲೆಗಳನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ವರ್ಗೀಕರಿಸುತ್ತಾರೆ. ಒಂದೊಂದು ಅಕ್ಷರವೂ ಹಿಂದಿನದರ ಹತ್ತುಪಟ್ಟು. ಭೂಮಿಯ ಬಳಿ ಒಂದರಿಂದ ಎಂಟು ಆಂಗ್‌ಸ್ಟ್ರಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ತರಂಗಾಂತರದ ಎಕ್ಸ್ ಕಿರಣಗಳು ಪ್ರತಿ ಚದರ ಮೀಟರಿಗೆ ಒಂದು ವ್ಯಾಟ್‌ನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಬಂದರೆ ಅದು ಎಕ್ಸ್ 1. ಇದನ್ನು ಕೇಳಿ ಭಾವ ನಿರಾಶರಾದರು. ಇಷ್ಟು ಸಣ್ಣ ಅಂಕಿಗೆ ಇಷ್ಟೊಂದು ಗದ್ದಲವೇ ಎಂಬುದು ಅವರ ತಕರಾರು. ಹದಿನೈದು ಕೋಟಿ ಕಿಲೋಮೀಟರ್ ದೂರದಿಂದ ಬರುವಷ್ಟರಲ್ಲಿ ಉಳಿದದ್ದು ಇದು, ಅದೂ ರೋಹಿತದ, ಅಂದರೆ ತರಂಗಾಂತರಗಳ ಹರವಿನ, ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಎಂದೆ. ದೊಡ್ಡ ಜ್ವಾಲೆಯೊಂದು ಹೊರಹಾಕುವ ಒಟ್ಟು ಶಕ್ತಿ 10ರ 25ನೇ ಘಾತದಷ್ಟು ಜೂಲ್ ತಲುಪಬಲ್ಲದು. ಕರೂರು ಬರುವಷ್ಟರಲ್ಲಿ ಅವರು ಬಿಲ್ಲಿನ ಹಿಂಬದಿಯಲ್ಲಿ ಗುಣಿಸಿ ಭಾಗಿಸಿ, ವರ್ಷಕ್ಕೆ 1.7 ಲಕ್ಷ ಕೋಟಿ ಯೂನಿಟ್‌ಗಳ ಲೆಕ್ಕದಲ್ಲಿ ಭಾರತದ ವಿದ್ಯುತ್ ಉತ್ಪಾದನೆ ಅದಕ್ಕೆ ಸಮನಾಗಲು ಹದಿನೈದು ಲಕ್ಷ ವರ್ಷಗಳಿಗೂ ಹೆಚ್ಚು ಬೇಕೆಂದು ಕಂಡುಕೊಂಡರು. ಅಲ್ಲಿಂದಾಚೆಗೆ ಅವರ ಪ್ರಶ್ನೆ ಬದಲಾಯಿತು: ಇಷ್ಟು ಶಕ್ತಿ ಸಿಡಿಯುವ ಮೊದಲು ಎಲ್ಲಿ ಕೂತಿರುತ್ತದೆ?

ಉಳಿದ ಪ್ರವಾಸವೆಲ್ಲ ಒಂದರ್ಥದಲ್ಲಿ ಈ ಪ್ರಶ್ನೆಯ ಸುತ್ತಲೇ ನಡೆಯಿತು. ದಿಂಡಿಗಲ್, ವತ್ತಲಗುಂಡು ದಾಟಿ, ಘಾಟಿಯ ಬುಡದಲ್ಲಿ ಪಾಸನ್ನು ತೋರಿಸಿ, ಸಂಜೆಯ ಮೋಡದೊಳಗೆ ಊರು ಸೇರಿದೆವು.

ಮೇ 9, ಗುರುವಾರ: ವೀಕ್ಷಣಾಲಯ

ಕೊಡೈಕನಾಲ್‌ನಲ್ಲಿ ಸೂರ್ಯನನ್ನು ನೋಡಬೇಕಾದರೆ ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲೇರಿದಂತೆ ಗಾಳಿ ಕಲಕುತ್ತದೆ, ಮಧ್ಯಾಹ್ನದ ಮೇಲೆ ಕಣಿವೆಯಿಂದ ಮೋಡ ಏರುತ್ತದೆ. ಏಳು ಗಂಟೆಗೆ ವಸತಿಗೃಹದ ತಾರಸಿಯಲ್ಲಿ ದೂರದರ್ಶಕ ನಿಲ್ಲಿಸಿದೆ. ಭಾವ ಗ್ರಹಣದ ಕನ್ನಡಕ ಹಾಕಿಕೊಂಡು ನೋಡಿದರು. ದೂರದರ್ಶಕದ ನೆರವಿಲ್ಲದೆಯೇ ಅವರಿಗೆ ಬಿಂಬದ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ಫಿಲ್ಟರ್ ಹಾಕಿದ ಮಸೂರದಲ್ಲಿ ಅದು ಚುಕ್ಕೆಯಾಗಿರದೆ, ಪೂರ್ವ-ಪಶ್ಚಿಮವಾಗಿ ಚಾಚಿಕೊಂಡ, ಅಂಚು ಹರಿದ ದೊಡ್ಡ ಹರಹಾಗಿತ್ತು. ಕಡುಕಪ್ಪಾದ ಅಂಬ್ರಾಗಳು ಹಲವಾರು. ಅವುಗಳನ್ನೆಲ್ಲ ಒಟ್ಟಿಗೆ ಸುತ್ತುವರಿದ ಬೂದುಬಣ್ಣದ ಪೆನಂಬ್ರಾ. ನಡುನಡುವೆ ಬಿಳಿಯ ಬಿರುಕುಗಳು.

ಗುಂಪುಗಳ ವಿಸ್ತೀರ್ಣವನ್ನು ಸೂರ್ಯನ ಕಾಣುವ ಅರ್ಧಗೋಳದ ಹತ್ತು ಲಕ್ಷದ ಒಂದು ಭಾಗವನ್ನು ಘಟಕವಾಗಿಟ್ಟುಕೊಂಡು ಅಳೆಯುತ್ತಾರೆ. ಅಂಥ ಒಂದು ಘಟಕ ಸುಮಾರು 30 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ವಿಸ್ತೀರ್ಣಕ್ಕಿಂತ ತುಸುವೇ ಕಡಿಮೆ. ಈ ಗುಂಪು ತನ್ನ ಉತ್ತುಂಗದಲ್ಲಿ ಸುಮಾರು 2400 ಘಟಕಗಳಷ್ಟಾಯಿತು. ಭೂಮಿಯ ಇಡೀ ಮೇಲ್ಮೈಯನ್ನು ಬಿಡಿಸಿ ಹಾಸಿದರೂ ಹದಿನಾಲ್ಕು ಭೂಮಿಗಳು ಬೇಕು ಅದನ್ನು ಮುಚ್ಚಲು.

ಉಪಾಹಾರ ಮುಗಿಸಿ ವೀಕ್ಷಣಾಲಯದ ಗುಡ್ಡ ಹತ್ತಿದೆವು. ಸಮುದ್ರಮಟ್ಟದಿಂದ 2343 ಮೀಟರ್ ಎತ್ತರದ ಈ ಜಾಗದಲ್ಲಿ 1899ರಲ್ಲಿ ವೀಕ್ಷಣಾಲಯ ಸ್ಥಾಪನೆಯಾಯಿತು. ಮದ್ರಾಸಿನ ಹಳೆಯ ವೀಕ್ಷಣಾಲಯದ ಪರಂಪರೆ ಬೆಟ್ಟ ಹತ್ತಿ ಬಂದದ್ದು ಹಾಗೆ. ಇಂದು ಇದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. 1904ರಿಂದ ಇಲ್ಲಿ ಸೂರ್ಯನ ಬಿಳಿಬೆಳಕಿನ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ; ಮೊದಲು ಗಾಜಿನ ಫಲಕಗಳ ಮೇಲೆ, ಆಮೇಲೆ ಫಿಲ್ಮಿನಲ್ಲಿ, ಈಗ ಡಿಜಿಟಲ್ ಕ್ಯಾಮೆರಾದಲ್ಲಿ. ಒಂದೇ ನಕ್ಷತ್ರದ ಒಂದು ಶತಮಾನಕ್ಕೂ ಮೀರಿದ ಇಂಥ ದಿನಚರಿ ಜಗತ್ತಿನಲ್ಲಿ ಹೆಚ್ಚು ಕಡೆ ಇಲ್ಲ. ಪ್ರವಾಸಿಗರಲ್ಲಿ ಹೆಚ್ಚಿನವರು ಸರೋವರದ ದೋಣಿಗೂ ಕೋಕರ್ಸ್ ವಾಕಿಗೂ ಕೊಡುವ ಸಮಯದ ಕಾಲುಭಾಗವನ್ನೂ ಇಲ್ಲಿಗೆ ಕೊಡುವುದಿಲ್ಲ; ಅದು ಅವರಿಗಾಗುವ ನಷ್ಟ.

ಸಂದರ್ಶಕರಿಗಾಗಿ ಇರುವ ವಸ್ತುಸಂಗ್ರಹಾಲಯದಲ್ಲಿ ಸೂರ್ಯನ ನೇರ ಬಿಂಬವನ್ನೂ ಫ್ರಾನ್‌ಹೋಫರ್ ರೇಖೆಗಳಿರುವ ಅದರ ರೋಹಿತವನ್ನೂ ತೋರಿಸುತ್ತಾರೆ. ಮಳೆಬಿಲ್ಲಿನ ಪಟ್ಟಿಯನ್ನು ಅಡ್ಡಲಾಗಿ ಕೊಯ್ದ ಆ ಕಪ್ಪು ಗೆರೆಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಕಲೆಯ ಕಾಂತಕ್ಷೇತ್ರವನ್ನು ತಿಳಿಯುವ ದಾರಿ ಇರುವುದೇ ಅಲ್ಲಿ. ಬೆಳಕು ಸೂಸುವ ಪರಮಾಣು ಕಾಂತಕ್ಷೇತ್ರದೊಳಗಿದ್ದರೆ ಅದರ ರೋಹಿತ ರೇಖೆ ಒಡೆಯುತ್ತದೆಂದು ಹಾಲೆಂಡಿನ ಪೀಟರ್ ಜೀಮನ್ 1896ರಲ್ಲಿ ತೋರಿಸಿದರು. 1908ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಜಾರ್ಜ್ ಎಲರಿ ಹೇಲ್ ಸೌರಕಲೆಯ ಬೆಳಕಿನಲ್ಲಿ ಅದೇ ಒಡಕನ್ನು ಕಂಡರು. ಭೂಮಿಯಾಚೆ ಕಾಂತಕ್ಷೇತ್ರವೊಂದಿದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆ ಅದು. ಕಾಂತಕ್ಷೇತ್ರವನ್ನು ಅಳೆಯುವ ಘಟಕ ಗಾಸ್; ನಮ್ಮ ಕಾಲಡಿಯ ಭೂಮಿಯ ಕ್ಷೇತ್ರ ಅರ್ಧ ಗಾಸ್‌ಗಿಂತ ಕಡಿಮೆ. ದೊಡ್ಡ ಕಲೆಯ ನಡುವೆ 3000 ಗಾಸ್ ಸಾಮಾನ್ಯ. ಅಷ್ಟು ಪ್ರಬಲ ಕ್ಷೇತ್ರದಲ್ಲೂ, ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ 6302.5 ಆಂಗ್‌ಸ್ಟ್ರಮ್‌ನ ಕಬ್ಬಿಣದ ರೇಖೆಯ ಒಡೆದ ಭಾಗಗಳು ಮೂಲ ಸ್ಥಾನದಿಂದ ಆಚೀಚೆ ಸರಿಯುವುದು ಕೇವಲ 0.14 ಆಂಗ್‌ಸ್ಟ್ರಮ್. ಕ್ಷೇತ್ರ ನಮ್ಮತ್ತ ಮುಖ ಮಾಡಿದೆಯೇ ನಮ್ಮಿಂದ ಆಚೆಗೆ ತಿರುಗಿದೆಯೇ ಎಂಬುದನ್ನು ಆ ಭಾಗಗಳ ಬೆಳಕಿನ ಧ್ರುವೀಕರಣ ಹೇಳಿಕೊಡುತ್ತದೆ. ಹೀಗೆ ತಯಾರಾದ ನಕ್ಷೆಯಲ್ಲಿ ಒಂದು ಧ್ರುವವನ್ನು ಬಿಳಿಯಾಗಿಯೂ ಇನ್ನೊಂದನ್ನು ಕಪ್ಪಾಗಿಯೂ ತೋರಿಸುವುದು ರೂಢಿ.

ಹೇಲ್‌ಗೆ ಕಲೆಗಳ ಸುತ್ತ ಸುಳಿಯಂಥ ಆಕೃತಿಗಳು ಕಂಡಿದ್ದವು. ಕಲೆಯೆಂದರೆ ಸುಂಟರಗಾಳಿ, ಅದರಲ್ಲಿ ಸುತ್ತುವ ವಿದ್ಯುದಾವೇಶಗಳೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ ಎಂಬುದು ಅವರ ಊಹೆ. ಇದು ನಿಜವಾದರೆ ಅನಿಲ ಕಲೆಯ ಸುತ್ತ ಸುತ್ತುತ್ತಿರಬೇಕು. 1907ರಲ್ಲಿ ಕೊಡೈಕನಾಲ್‌ಗೆ ಬಂದಿದ್ದ ಜಾನ್ ಎವರ್‌ಶೆಡ್ ಆ ಸುತ್ತುವಿಕೆಯನ್ನು ಹುಡುಕಹೊರಟು, 1909ರ ಜನವರಿಯಲ್ಲಿ ಕಂಡದ್ದು ಬೇರೆಯೇ. ಪೆನಂಬ್ರಾದಲ್ಲಿ ಅನಿಲ ಸುತ್ತುತ್ತಿರಲಿಲ್ಲ. ಅಂಬ್ರಾದ ಅಂಚಿನಿಂದ ಹೊರಕ್ಕೆ, ಸೆಕೆಂಡಿಗೆ ಎರಡು ಕಿಲೋಮೀಟರಿನಷ್ಟು ವೇಗದಲ್ಲಿ, ಎಲ್ಲ ದಿಕ್ಕಿಗೂ ಹರಿಯುತ್ತಿತ್ತು. ಜಗತ್ತು ಇಂದಿಗೂ ಇದನ್ನು ಎವರ್‌ಶೆಡ್ ಪರಿಣಾಮವೆಂದೇ ಕರೆಯುತ್ತದೆ. ಅವರ ಪತ್ನಿ ಮೇರಿಯೂ ಇಲ್ಲಿ ಸೌರ ಚಾಚಿಕೆಗಳ (ಸೂರ್ಯನ ಅಂಚಿನಾಚೆಗೆ ಚಾಚಿ ನಿಲ್ಲುವ ಅನಿಲದ ರಚನೆಗಳ) ಮೇಲೆ ಗಂಭೀರವಾದ ಕೆಲಸ ಮಾಡಿದವರು. ಆದರೆ ಪ್ರವಾಸಿ ಕೈಪಿಡಿಗಳಲ್ಲಿ ಗಂಡನ ಹೆಸರೇ ಅಪರೂಪವಾಗಿರುವಾಗ ಹೆಂಡತಿಯ ಹೆಸರನ್ನು ನಿರೀಕ್ಷಿಸುವಂತಿಲ್ಲ.

ಹೊರಗೆ ಬಂದು ಸುರಂಗ ಗೋಪುರದ ದೂರದರ್ಶಕವನ್ನು ದೂರದಿಂದ ನೋಡಿದೆವು. 1960ರ ಹೊತ್ತಿಗೆ ಸಿದ್ಧವಾದ ಈ ವ್ಯವಸ್ಥೆಯಲ್ಲಿ, 11 ಮೀಟರ್ ಎತ್ತರದ ಗೋಪುರದ ತುದಿಯ ಕನ್ನಡಿಗಳು ಸೂರ್ಯನ ಬೆಳಕನ್ನು ಹಿಡಿದು ಕೆಳಕ್ಕೆ ಇಳಿಸುತ್ತವೆ. ಅಲ್ಲಿಂದ 60 ಮೀಟರ್ ಉದ್ದದ ನೆಲದಡಿಯ ಸುರಂಗದೊಳಗೆ 38 ಸೆಂ.ಮೀ. ಮಸೂರವೊಂದು 34 ಸೆಂ.ಮೀ. ಅಗಲದ ಸೂರ್ಯಬಿಂಬವನ್ನು ಮೂಡಿಸುತ್ತದೆ. ಬಿಂಬ ಅಷ್ಟು ದೊಡ್ಡದಾಗಿದ್ದರೆ ಕಲೆಯ ಯಾವ ಎಳೆಯನ್ನು ರೋಹಿತದರ್ಶಕದ ಸೀಳಿಗೆ ತರಬೇಕೆಂಬುದನ್ನು ಆರಿಸಿಕೊಳ್ಳಬಹುದು. ಭಾವ ಗೋಪುರವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಸುರಂಗದ ಉಷ್ಣತೆ ಸ್ಥಿರವಾಗಿರಲು ಏನು ಮಾಡಿದ್ದಾರೆ ಎಂಬ ಚಿಂತೆಯಲ್ಲಿದ್ದರು.

ಮಧ್ಯಾಹ್ನ ಎರಡರ ಹೊತ್ತಿಗೆ ಮೋಡ ಕವಿಯಿತು. 2.43ಕ್ಕೆ ಎಕ್ಸ್ 2.2. ನಮಗೆ ಮೋಡವೊಂದೇ ಕಂಡಿತು.

ಮೇ 10, ಶುಕ್ರವಾರ: ಡೆಲ್ಟಾ

ಆ ದಿನ ಬಸವ ಜಯಂತಿ, ಅಕ್ಷಯ ತೃತೀಯೆಯೂ ಹೌದು. ಊರಿನ ಆಭರಣದ ಅಂಗಡಿಗಳ ಮುಂದೆ ಬೆಳಗಿನಿಂದಲೇ ಜನ. ನಾವು ತಾರಸಿಯಲ್ಲಿ, ಮೊಬೈಲಿನಲ್ಲಿ ಸೂರ್ಯನನ್ನು ಗಮನಿಸುವ ನಾಸಾದ ಎಸ್‌ಡಿಒ ಉಪಗ್ರಹದ ಕಾಂತಕ್ಷೇತ್ರದ ನಕ್ಷೆಯನ್ನೂ ಮಸೂರದಲ್ಲಿ ನಿಜವಾದ ಸೂರ್ಯನನ್ನೂ ಇಟ್ಟುಕೊಂಡು ಹೋಲಿಸುತ್ತ ಕುಳಿತೆವು.

ಹೇಲ್ ಮತ್ತು ಅವರ ಸಂಗಡಿಗರು 1919ರಲ್ಲಿ ಕಲೆಗಳ ಗುಂಪುಗಳನ್ನು ಕಾಂತಕ್ಷೇತ್ರದ ರಚನೆಗೆ ಅನುಗುಣವಾಗಿ ವಿಂಗಡಿಸಿದ್ದರು. ಒಂದೇ ಧ್ರುವದ ಗುಂಪು ಆಲ್ಫಾ. ಎರಡು ವಿರುದ್ಧ ಧ್ರುವಗಳು ಸ್ಪಷ್ಟವಾಗಿ ಬೇರೆಯಾಗಿ, ಒಂದು ಮುಂದೆ ಇನ್ನೊಂದು ಹಿಂದೆ ಇದ್ದರೆ ಬೀಟಾ. ಧ್ರುವಗಳು ಗೆರೆ ಎಳೆದು ಬೇರ್ಪಡಿಸಲಾಗದಷ್ಟು ಕಲಸಿಹೋಗಿದ್ದರೆ ಗಾಮಾ. 1960ರಲ್ಲಿ ಜರ್ಮನಿಯ ಕ್ಯುನ್‌ಟ್ಸೆಲ್ ಇದಕ್ಕೆ ಡೆಲ್ಟಾ ಎಂಬ ಇನ್ನೊಂದು ಗುರುತನ್ನು ಸೇರಿಸಿದರು: ವಿರುದ್ಧ ಧ್ರುವಗಳ ಎರಡು ಅಂಬ್ರಾಗಳು ಒಂದೇ ಪೆನಂಬ್ರಾದೊಳಗೆ, ಸೂರ್ಯನ ಮೇಲೆ ಎರಡು ಡಿಗ್ರಿಗಿಂತ ಕಡಿಮೆ ಅಂತರದಲ್ಲಿ ಇರುವುದು. ಕೇಳಲು ಇದು ಗುಮಾಸ್ತನ ವಿಂಗಡಣೆಯಂತಿದ್ದರೂ, ಜ್ವಾಲೆಗಳ ವಿಚಾರದಲ್ಲಿ ಇಷ್ಟು ದೂರ ನಡೆದುಬಂದ ಬೇರೊಂದು ಗುರುತನ್ನು ನಾನು ಕಾಣೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1000 ಘಟಕಗಳನ್ನು ಮೀರಿದ ಬೀಟಾ-ಗಾಮಾ-ಡೆಲ್ಟಾ ಗುಂಪುಗಳಲ್ಲಿ ಸುಮಾರು ಶೇ 40ರಷ್ಟು ಎಕ್ಸ್ ವರ್ಗದ ಜ್ವಾಲೆಗಳನ್ನು ಹೊಮ್ಮಿಸಿದ್ದವು. 13664 ಆ ಹೊತ್ತಿಗೆ ಬೀಟಾ-ಗಾಮಾ-ಡೆಲ್ಟಾ ಆಗಿತ್ತು.

ಮಸೂರದಲ್ಲಿ ಒಂದೇ ಮುದ್ದೆಯಾಗಿ ಕಾಣುತ್ತಿದ್ದ ಜಾಗ ನಕ್ಷೆಯಲ್ಲಿ ಕಪ್ಪು ಬಿಳುಪು ತುಂಡುಗಳು ಒಂದಕ್ಕೊಂದು ಒತ್ತಿಕೊಂಡ ಹರಹಾಗಿತ್ತು. ಅವುಗಳ ನಡುವಿನ ಗಡಿ ನೇರವಾಗಿರದೆ ಹತ್ತಾರು ಸಾವಿರ ಕಿಲೋಮೀಟರ್ ಉದ್ದಕ್ಕೆ ಬಳುಕುತ್ತ ಹರಿದಿತ್ತು. ಭಾವನ ಪ್ರಶ್ನೆಗೆ ಉತ್ತರ ಈ ಗಡಿಯಲ್ಲಿದೆ.

ವಿರುದ್ಧ ಧ್ರುವಗಳು ಪಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಜ್ವಾಲೆ ಹುಟ್ಟುವುದಿಲ್ಲ. ಕಾಂತಕ್ಷೇತ್ರದ ಬಲರೇಖೆಗಳು ಒಂದು ಧ್ರುವದಿಂದ ಎದ್ದು, ಗಡಿಯನ್ನು ಅಡ್ಡಲಾಗಿ ದಾಟಿ, ಎದುರಿನ ಧ್ರುವದಲ್ಲಿ ಇಳಿದರೆ ಅದು ಆ ಜಾಗಕ್ಕೆ ಸಾಧ್ಯವಾದ ಅತಿ ಕಡಿಮೆ ಶಕ್ತಿಯ ಸ್ಥಿತಿ. ಅಲ್ಲಿ ಸಿಡಿಯಲು ಏನೂ ಉಳಿದಿರುವುದಿಲ್ಲ. ಆದರೆ ಮೇಲ್ಮೈಯ ಅನಿಲ ಸುಮ್ಮನಿರುವುದಿಲ್ಲ. ಒಂದು ಧ್ರುವದ ಕಲೆ ಪೂರ್ವಕ್ಕೂ ಅದರ ಮಗ್ಗುಲಿನ ವಿರುದ್ಧ ಧ್ರುವದ ಕಲೆ ಪಶ್ಚಿಮಕ್ಕೂ ಜರುಗಿದರೆ, ಅವೆರಡರಲ್ಲೂ ಬುಡ ಊರಿದ ಬಲರೇಖೆಗಳು ಗಡಿಯನ್ನು ಅಡ್ಡಲಾಗಿ ದಾಟಲಾರದೆ ಅದರ ಉದ್ದಕ್ಕೇ ಮಲಗಿಬಿಡುತ್ತವೆ. ಜೊತೆಗೆ ಕಲೆಗಳು ತಮ್ಮಲ್ಲೇ ತಿರುಗುವುದೂ ಉಂಟು. ಮೇಲೆದ್ದು ಬರುವ ಕ್ಷೇತ್ರ ಒಳಗಿನಿಂದಲೇ ತಿರುಚಿಕೊಂಡು ಬಂದಿರುವುದೂ ಉಂಟು. ಹಗ್ಗ ಹೊಸೆಯುವವನು ಎಳೆಗಳಿಗೆ ಹುರಿ ಏರಿಸುತ್ತ ಹೋದಂತೆ ಕ್ಷೇತ್ರದಲ್ಲಿ ಶಕ್ತಿ ತುಂಬುತ್ತದೆ. ಈ ತಿರುಚಿನ ಸ್ಥಿತಿಗೂ ತಿರುಚಿಲ್ಲದ ಸ್ಥಿತಿಗೂ ನಡುವಿನ ಶಕ್ತಿಯ ಅಂತರವೇ ಜ್ವಾಲೆಗೆ ದಕ್ಕುವ ಬಂಡವಾಳ. ಅದು ಕೂತಿರುವುದು ಕಲೆಯ ಕಪ್ಪಿನಲ್ಲಲ್ಲ, ಗಡಿಯ ನೆತ್ತಿಯ ಮೇಲೆ, ಕರೋನಾ ಎಂಬ ಸೂರ್ಯನ ಹೊರ ವಾತಾವರಣದ ಕೆಳಪದರದಲ್ಲಿ.

ತಿರುಚಿದ ರೇಖೆಗಳು ಮೇಲೇರಿದಾಗ, ವಿರುದ್ಧ ದಿಕ್ಕಿನ ರೇಖೆಗಳು ಒಂದಕ್ಕೊಂದು ಒತ್ತರಿಸಿ ಬಂದ ತೆಳು ಪದರದಲ್ಲಿ ಅವು ಕಡಿದು ಬೇರೆ ಜೋಡಿಗಳಾಗಿ ಮತ್ತೆ ಕೂಡಿಕೊಳ್ಳುತ್ತವೆ. ಈ ಮರುಜೋಡಣೆಯಲ್ಲಿ ಬಿಡುಗಡೆಯಾದ ಶಕ್ತಿ ಎಲೆಕ್ಟ್ರಾನುಗಳನ್ನು ಕೆಳಕ್ಕೆ ತಳ್ಳುತ್ತದೆ. ಅವು ಬಡಿದ ಕಡೆ, ಗಡಿಯ ಎರಡೂ ಮಗ್ಗುಲಲ್ಲಿ, ಹೈಡ್ರೋಜನ್‌ನ ಕೆಂಪು ಬೆಳಕಿನಲ್ಲಿ ಎರಡು ಪ್ರಕಾಶಮಾನವಾದ ಪಟ್ಟಿಗಳು ಮೂಡಿ ಒಂದರಿಂದೊಂದು ದೂರ ಸರಿಯುತ್ತವೆ. ಬಿಸಿಯಾದ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲ, ಕೋಟಿ ಡಿಗ್ರಿಯನ್ನು ಮೀರಿ ಎಕ್ಸ್ ಕಿರಣಗಳನ್ನು ಸೂಸುತ್ತದೆ. ತಿರುಚಿದ ಕ್ಷೇತ್ರ ಮೇಲಿನ ಹಿಡಿತವನ್ನು ಹರಿದುಕೊಂಡು ಹಾರಿಹೋದರೆ, ನೂರಾರು ಕೋಟಿ ಟನ್ ದ್ರವ್ಯವನ್ನೂ ತನ್ನೊಂದಿಗೆ ಹೊತ್ತೊಯ್ಯುತ್ತದೆ; ಕರೋನಾ ದ್ರವ್ಯರಾಶಿ ಉತ್ಸರ್ಜನೆ, ಅಂದರೆ ಸಿಎಂಇ, ಇದೇ.

ಎವರ್‌ಶೆಡ್ ಇಲ್ಲಿ ಮತ್ತೆ ನೆನಪಾಗುತ್ತಾರೆ. ಸರಳವಾದ ದುಂಡು ಕಲೆಯಲ್ಲಿ ಪೆನಂಬ್ರಾದ ಎಳೆಗಳು ಅಂಬ್ರಾದಿಂದ ಹೊರಕ್ಕೆ ಕಿರಣಗಳಂತೆ ಚಾಚಿರುತ್ತವೆ, ಎವರ್‌ಶೆಡ್ ಕಂಡ ಹರಿವೂ ಅದೇ ದಿಕ್ಕಿನದು. ಏಕೆಂದರೆ ಅಲ್ಲಿ ಕಾಂತಕ್ಷೇತ್ರ ಹೆಚ್ಚುಕಡಿಮೆ ಅಡ್ಡವಾಗಿ ಮಲಗಿ ಹೊರಮುಖವಾಗಿರುತ್ತದೆ. ಡೆಲ್ಟಾ ಕಲೆಯ ಗಡಿಯಲ್ಲಾದರೋ ಎಳೆಗಳು ಅಂಬ್ರಾದಿಂದ ಅಂಬ್ರಾಕ್ಕೆ ಚಾಚುವ ಬದಲು ಗಡಿಗೆ ಸಮಾನಾಂತರವಾಗಿ ಬಾಗಿಕೊಂಡಿರುತ್ತವೆ. ಅನಿಲದ ಹರಿವೂ ಅಲ್ಲಿ ಗಡಿಯ ಉದ್ದಕ್ಕೇ ಸಾಗುತ್ತದೆ. ಹೀಗಾಗಿ ಕಾಂತಕ್ಷೇತ್ರ ಎಷ್ಟು ತಿರುಚಿಕೊಂಡಿದೆ ಎಂಬುದರ ಸುಳಿವನ್ನು ಒಳ್ಳೆಯ ಬಿಳಿಬೆಳಕಿನ ಚಿತ್ರವೂ ಕೊಡಬಲ್ಲದು. ಯಾವ ಕಲೆ ಎಷ್ಟು ಕಪ್ಪು ಎಂದು ನೋಡುವುದಕ್ಕಿಂತ ಪೆನಂಬ್ರಾದ ಎಳೆಗಳು ಎತ್ತ ಮಲಗಿವೆ ಎಂದು ನೋಡುವುದು ಮೇಲು. ನನ್ನ 80 ಮಿ.ಮೀ. ಮಸೂರದಲ್ಲಿ ಎಳೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಉಪಗ್ರಹದ ಚಿತ್ರದಲ್ಲಿ ಅವು ನಡುಗಡಿಯ ಬಳಿ ಬಾಗಿದ್ದು ಸ್ಪಷ್ಟವಾಗಿತ್ತು.

ಮಧ್ಯಾಹ್ನ 12.24ಕ್ಕೆ ಎಕ್ಸ್ 3.9. ಆ ಕ್ಷಣದಲ್ಲಿ ಸೂರ್ಯ ಸರಿಸುಮಾರು ಸೊಲ್ಲಾಪುರದ ನೆತ್ತಿಯ ಮೇಲಿದ್ದನೆಂದು ಆಮೇಲೆ ಲೆಕ್ಕ ಹಾಕಿದೆ. ಎಕ್ಸ್ ಕಿರಣಗಳು ಹಗಲಿನ ಕಡೆಯ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶವುಳ್ಳ ಭಾಗದ) ಕೆಳಪದರವನ್ನು ದಟ್ಟಗೊಳಿಸಿ ಕಿರುತರಂಗ ರೇಡಿಯೋ ಸಂಕೇತಗಳನ್ನು ನುಂಗಿಬಿಡುತ್ತವೆ. ಆ ಹೊಡೆತದ ನಡುಬಿಂದು ಆವತ್ತು ನಮ್ಮ ಪರ್ಯಾಯದ್ವೀಪದ ಮೇಲೆಯೇ ಇತ್ತು. ಬೀದಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಎರಡು ದಿನಗಳ ಹಿಂದಿನಿಂದ ಇದೇ ಗುಂಪು ಕಳಿಸಿದ ಸಿಎಂಇಗಳು ದಾರಿಯಲ್ಲಿ ಒಂದನ್ನೊಂದು ಹಿಡಿದು ಬೆರೆತು, ರಾತ್ರಿ ಹತ್ತೂವರೆಯ ಸುಮಾರಿಗೆ ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿದವು. ನಸುಕಿನ ಹೊತ್ತಿಗೆ ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ ಜಿ5 ಮಟ್ಟವನ್ನು, ಅಂದರೆ ಭೂಕಾಂತಕ್ಷೇತ್ರದ ಇಂಥ ಕ್ಷೋಭೆಗಳನ್ನು, ‘ಬಿರುಗಾಳಿ’ಗಳನ್ನು, ಅಳೆಯುವ ಅದರ ಅಳತೆಗೋಲಿನ ತುತ್ತತುದಿಯನ್ನು ಘೋಷಿಸಿತು. 2003ರ ಅಕ್ಟೋಬರ್ ನಂತರ ಅದೇ ಮೊದಲು.

ಮೇ 11, ಶನಿವಾರ: ಕಾಣದ ಜ್ವಾಲೆ, ಕಂಡ ಬೆಳಕು

ಬೆಳಿಗ್ಗೆ ಆರೂವರೆಗೆ ಬೆಟ್ಟದಂಚಿನ ಮೇಲೆದ್ದ ಸೂರ್ಯನತ್ತ ದೂರದರ್ಶಕ ತಿರುಗಿಸಿದೆ. 6.53ಕ್ಕೆ ಎಕ್ಸ್ 5.8. ಆ ಹೊತ್ತಿನಲ್ಲಿ ಕಣ್ಣು ಮಸೂರದಲ್ಲೇ ಇತ್ತು. ಬಿಂಬದ ಮೇಲೆ ನನಗೆ ಯಾವ ಬದಲಾವಣೆಯೂ ಕಾಣಲಿಲ್ಲ. ಇದು ಅಸಹಜವೇನಲ್ಲ. ಜ್ವಾಲೆ ನಡೆಯುವುದು ಮೇಲ್ಮೈಗಿಂತ ಮೇಲಿನ ಪದರಗಳಲ್ಲಿ; ಬಿಳಿಬೆಳಕಿನಲ್ಲಿ ಮೇಲ್ಮೈಯ ಪ್ರಖರತೆಯನ್ನು ಮೀರಿ ಕಾಣುವಂಥವು ಅಪರೂಪ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್‌ಟನ್ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಎರಡು ಬಿಳಿಯ ಕಿಡಿಗಳನ್ನು ಕಂಡದ್ದು ಅಂಥ ಅಪರೂಪದ ಪ್ರಸಂಗ. ಅದರ ಮರುದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತಕ್ಷೇತ್ರದ ಕ್ಷಿತಿಜೀಯ ಅಂಶ ಸುಮಾರು 1600 ನ್ಯಾನೊಟೆಸ್ಲಾ (ಒಂದು ಲಕ್ಷ ನ್ಯಾನೊಟೆಸ್ಲಾ ಸೇರಿದರೆ ಒಂದು ಗಾಸ್) ಕುಸಿದದ್ದು ದಾಖಲಾಗಿದೆ. ಈ ಬಾರಿ ಸಮಭಾಜಕದ ಸಮೀಪದ ಕೇಂದ್ರಗಳ ಸರಾಸರಿಯಿಂದ ಲೆಕ್ಕ ಹಾಕುವ ಸೂಚ್ಯಂಕ 400 ನ್ಯಾನೊಟೆಸ್ಲಾದಷ್ಟು ಕೆಳಗಿಳಿಯಿತು. ಒಂದು ಕೇಂದ್ರದ ಓದು, ಇನ್ನೊಂದು ಹಲವು ಕೇಂದ್ರಗಳ ಗಂಟೆಯ ಸರಾಸರಿ. ನೇರವಾಗಿ ಹೋಲಿಸಲಾಗದಿದ್ದರೂ ಕ್ಯಾರಿಂಗ್‌ಟನ್ ಕಾಲದ ಬಿರುಗಾಳಿ ಎಷ್ಟು ದೊಡ್ಡದಿತ್ತೆಂಬ ಅಂದಾಜು ಸಿಗುತ್ತದೆ.

ತಿಂಡಿಯ ಹೊತ್ತಿಗೆ ಲಡಾಖಿನ ಹಾನ್ಲೆಯ ಚಿತ್ರಗಳು ಹರಿದಾಡತೊಡಗಿದ್ದವು. ಬೆಂಗಳೂರಿನ ಅದೇ ಖಭೌತ ಸಂಸ್ಥೆ ನಡೆಸುವ ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾಗಳು ರಾತ್ರಿ ಉತ್ತರ ದಿಗಂತದ ಮೇಲೆ ಕೆಂಪು ಬೆಳಕನ್ನು ಸೆರೆಹಿಡಿದಿದ್ದವು. ಭೂಮಿಯಿಂದ 200 ಕಿಲೋಮೀಟರಿಗೂ ಮೇಲೆ ಆಮ್ಲಜನಕದ ಪರಮಾಣುಗಳು 6300 ಆಂಗ್‌ಸ್ಟ್ರಮ್‌ನಲ್ಲಿ ಸೂಸುವ ಬೆಳಕು ಅದು. ಉತ್ತರದಲ್ಲಿ ಬಹುದೂರ ನಡೆಯುವ ಧ್ರುವಪ್ರಭೆಯ ಹಸಿರು ತಳಭಾಗ ಭೂಮಿಯ ಬಾಗಿನಲ್ಲಿ ಮರೆಯಾಗಿ, ಎತ್ತರದ ಕೆಂಪು ಮಾತ್ರ ಲಡಾಖಿಗೆ ಕಾಣುತ್ತದೆ.

“ನಮಗಿಲ್ಲಿ ಏಕೆ ಕಾಣಲಿಲ್ಲ?” ಎಂದು ಭಾವ ಕೇಳಿದರು. “ಭಾವ, ನಾವಿರುವುದು ಕಾಂತೀಯ ಸಮಭಾಜಕದ ಪಕ್ಕದಲ್ಲಿ. ಇಲ್ಲಿ ದಿಕ್ಸೂಚಿಯ ಮುಳ್ಳು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತದೆ. ಕಣಗಳು ಇಳಿಯುವ ದಾರಿ ಇಲ್ಲಿಲ್ಲ” ಎಂದೆ. ಕೊಡೈಕನಾಲ್‌ನಲ್ಲಿ ಭೂಕಾಂತಕ್ಷೇತ್ರವನ್ನೂ ದಶಕಗಳ ಕಾಲ ಅಳೆದದ್ದು ಈ ಕಾರಣಕ್ಕೇ ವಿಶೇಷವಾದದ್ದು.

ಆ ಮಧ್ಯಾಹ್ನ ಮಾತಿನ ಸರದಿ ಅವರದಾಗಿತ್ತು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು ಅರವತ್ತು ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಉಳಿದದ್ದನ್ನು ಅವರು ತಮ್ಮ ಸೇವೆಯ ದಿನಗಳಿಂದಲೇ ಬಲ್ಲರು. ಬದಲಾಗುವ ಭೂಕಾಂತಕ್ಷೇತ್ರ ಉದ್ದನೆಯ ತಂತಿಗಳಲ್ಲಿ ಪ್ರೇರಿಸುವ ವಿದ್ಯುತ್ತು ಬಹಳ ನಿಧಾನವಾಗಿ ಏರಿಳಿಯುವುದರಿಂದ ಟ್ರಾನ್ಸ್‌ಫಾರ್ಮರಿನ ಪಾಲಿಗೆ ಅದು ನೇರ ವಿದ್ಯುತ್ತಿದ್ದಂತೆ. ನೆಲಕ್ಕೆ ಜೋಡಿಸಿದ ನ್ಯೂಟ್ರಲ್ ಮೂಲಕ ಅದು ಒಳಹೊಕ್ಕರೆ ಕಬ್ಬಿಣದ ಕೋರ್ ಅರ್ಧ ಆವರ್ತನದಲ್ಲೇ ಸಂತೃಪ್ತವಾಗಿ, ಅಂದರೆ ಇನ್ನಷ್ಟು ಕಾಂತತ್ವವನ್ನು ತಾಳಲಾರದಾಗಿ, ಬಿಸಿಯೇರಿ, ಜಾಲದ ತುಂಬ ಹಾರ್ಮೋನಿಕ್ ಎಂಬ ವಿಕೃತ ತರಂಗಗಳನ್ನು ಹರಡುತ್ತದೆ. ರಕ್ಷಣಾ ರಿಲೇಗಳು ಅದನ್ನು ದೋಷವೆಂದು ಬಗೆದು ಒಂದೊಂದಾಗಿ ಕಳಚಿಕೊಳ್ಳುತ್ತವೆ. ನಾನು ಸೂರ್ಯನ ಬಗ್ಗೆ ಹೇಳಿದ್ದಕ್ಕಿಂತ ಸ್ಪಷ್ಟವಾಗಿ ಅವರು ಇದನ್ನು ಹೇಳಿದರು.

ಮೇ 12, ಭಾನುವಾರ: ಇಳಿಜಾರಿನಲ್ಲಿ

ಹಿಂದಿರುಗುವ ದಾರಿಯಲ್ಲಿ ವಾಹನಗಳ ಸಾಲು ಉದ್ದವಿತ್ತು, ಮಾತಿಗೆ ಬೇಕಾದಷ್ಟು ಸಮಯ. ಹಾಗಾದರೆ ದೊಡ್ಡ ಡೆಲ್ಟಾ ಕಂಡರೆ ಎಚ್ಚರಿಕೆ ಕೊಟ್ಟುಬಿಡಬಹುದಲ್ಲ ಎಂದರು ಭಾವ. ಅಷ್ಟು ಸಲೀಸಲ್ಲ. 1947ರ ಏಪ್ರಿಲ್‌ನಲ್ಲಿ ಕಂಡ, 6000 ಘಟಕಗಳನ್ನೂ ಮೀರಿದ, ದಾಖಲೆಯಲ್ಲೇ ಅತಿ ದೊಡ್ಡ ಗುಂಪು ಭೂಮಿಯ ಮೇಲೆ ಹೇಳಿಕೊಳ್ಳುವಂಥ ಬಿರುಗಾಳಿಯನ್ನು ಎಬ್ಬಿಸಲಿಲ್ಲ. 2014ರ ಅಕ್ಟೋಬರ್‌ನ 12192 ಎಂಬ ಗುಂಪು 2700 ಘಟಕಗಳಷ್ಟು ದೊಡ್ಡದಿತ್ತು, ಆರು ಎಕ್ಸ್ ಜ್ವಾಲೆಗಳನ್ನೂ ಸಿಡಿಸಿತು. ಆದರೆ ಅವುಗಳಲ್ಲಿ ಒಂದರ ಜೊತೆಗೂ ಸಿಎಂಇ ಹೊರಡಲಿಲ್ಲ. ಗುಂಪಿನ ಮೇಲೆ ಕಮಾನು ಕಟ್ಟಿದ್ದ ಪ್ರಬಲ ಕ್ಷೇತ್ರ ಒಳಗಿನ ಸಿಡಿತವನ್ನು ಹೊರಬಿಡದೆ ಅದುಮಿ ಹಿಡಿದಿತ್ತು. ಗಡಿಯಲ್ಲಿ ಎಷ್ಟು ಶಕ್ತಿ ಕೂಡಿದೆ ಎಂಬುದು ಒಂದು ಪ್ರಶ್ನೆ. ಅದರ ಮೇಲಿನ ಮುಚ್ಚಳ ಎತ್ತರಕ್ಕೆ ಹೋದಂತೆ ಎಷ್ಟು ಬೇಗ ಸಡಿಲವಾಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಮೇಲ್ಮೈಯ ನಕ್ಷೆಯಲ್ಲಿ ನೇರವಾಗಿ ಸಿಗುವುದಿಲ್ಲ; ಕರೋನಾದ ಕ್ಷೇತ್ರ ಕ್ಷೀಣವಾದದ್ದು, ಅದನ್ನು ಅಳೆಯುವುದು ಕಷ್ಟ, ಹಾಗಾಗಿ ಹೆಚ್ಚಿನ ಸಂದರ್ಭಗಳಲ್ಲಿ ಮೇಲ್ಮೈಯ ಅಳತೆಗಳಿಂದ ಗಣಿತದ ಮೂಲಕ ಅಂದಾಜಿಸುತ್ತಾರೆ.

2024ರ ಜನವರಿ 6ರಂದು ಭೂಮಿ-ಸೂರ್ಯರ ನಡುವಿನ ಎಲ್1 ಬಿಂದುವಿನ ಕಕ್ಷೆ ಸೇರಿದ, ಸೂರ್ಯನನ್ನು ಗಮನಿಸುವ ಇಸ್ರೋ ನೌಕೆ ಆದಿತ್ಯ-ಎಲ್1 ಇಲ್ಲಿ ಪ್ರಸ್ತುತವಾಗುತ್ತದೆ. ಅದರ ಎಕ್ಸ್‌ರೇ ಉಪಕರಣಗಳಾದ ಸೋಲೆಕ್ಸ್ ಮತ್ತು ಹೀಲಿಯಸ್ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. ಈ ವಾರದ ಜ್ವಾಲೆಗಳನ್ನು ಅವು ದಾಖಲಿಸಿದವು. ಹೊಸಕೋಟೆಯ ಬಳಿ ಖಭೌತ ಸಂಸ್ಥೆ ಕಟ್ಟಿದ ವೆಲ್ಕ್ ಎಂಬ ಕರೋನಾ ದರ್ಶಕಕ್ಕೆ ಕರೋನಾದ ಕಾಂತಕ್ಷೇತ್ರವನ್ನೇ ಅಳೆಯುವ ಗುರಿಯೂ ಇದೆ. ಆದರೆ ಬಿರುಗಾಳಿ ಬೀಸಿದ ಮೇ 10 ಮತ್ತು 11ರಂದು ವೆಲ್ಕ್ ಇನ್ನೂ ಮಾಪನಾಂಕ ಹೊಂದಿಸುವ ಹಂತದಲ್ಲಿತ್ತು. ಸೂರ್ಯ ನಮ್ಮ ವೇಳಾಪಟ್ಟಿಯನ್ನು ನೋಡಿಕೊಂಡು ನಡೆಯುವವನಲ್ಲ.

ಮೇ 14, ಮಂಗಳವಾರ: ಪಶ್ಚಿಮದಂಚು

ದಿನಕ್ಕೆ ಹದಿಮೂರು ಡಿಗ್ರಿಯಷ್ಟು ಸರಿಯುತ್ತ ಬಂದ ಗುಂಪು ಬಿಂಬದ ಪಶ್ಚಿಮದಂಚನ್ನು ಮುಟ್ಟಿತ್ತು. ಬೆಂಗಳೂರಿನ ಮನೆಯ ತಾರಸಿಯಿಂದ ನೋಡಿದಾಗ ಅದು ಅಂಚಿಗೆ ಅಂಟಿದ ಬರೀ ಒಂದು ಗೀರು. ಅಂಚಿನಲ್ಲಿರುವಾಗ ಕಾಂತಕ್ಷೇತ್ರದ ನಕ್ಷೆ ನಂಬಲಾಗದಂತಾಗುತ್ತದೆ, ನೋಟದ ರೇಖೆ ಓರೆಯಾಗುವುದೇ ಕಾರಣ. ಬದಲಿಗೆ ಅತಿನೇರಳೆ ಚಿತ್ರಗಳಲ್ಲಿ ಗಡಿಯ ಮೇಲಿನ ಕಮಾನುಗಳು ಮಗ್ಗುಲಿನಿಂದ ಕಾಣಸಿಗುತ್ತವೆ. ಆ ರಾತ್ರಿ 10.21ಕ್ಕೆ ಎಕ್ಸ್ 8.7, ಆ ಹೊತ್ತಿನವರೆಗೆ 25ನೇ ಸೌರಚಕ್ರದ (ಕಲೆಗಳು ಹೆಚ್ಚಿ ಕುಗ್ಗುವ ಸುಮಾರು ಹನ್ನೊಂದು ವರ್ಷಗಳ ಆವರ್ತದ) ಅತಿ ದೊಡ್ಡ ಜ್ವಾಲೆ, ಅಲ್ಲಿಂದಲೇ ಹೊಮ್ಮಿತು. ಅದರ ಉತ್ಸರ್ಜನೆ ಭೂಮಿಯ ದಾರಿಯಲ್ಲಿರಲಿಲ್ಲ. ಭಾವನಿಗೆ ಫೋನ್ ಮಾಡಿ ತಿಳಿಸಿದಾಗ ಅವರು ಮೊದಲು ಕೇಳಿದ್ದು ಗ್ರಿಡ್‌ನ ಆವರ್ತಾಂಕವನ್ನು. ಅವರೇ ನೋಡಿ, ಐವತ್ತು ಹರ್ಟ್ಸ್‌ನ ಆಸುಪಾಸಿನಲ್ಲಿ ನೆಟ್ಟಗಿದೆ ಎಂದರು.

ಬಿಂಬದ ಹಿಂದೆ ಸರಿದ ಮೇಲೂ ಗುಂಪು ಸುಮ್ಮನಾಗಲಿಲ್ಲ. ಸೂರ್ಯನ ಆಚೆ ಬದಿಯಲ್ಲಿದ್ದ ಸೋಲಾರ್ ಆರ್ಬಿಟರ್ ನೌಕೆಯ ಉಪಕರಣ ಮೇ 20ರಂದು ಅದರಿಂದ ಎಕ್ಸ್ 12ರಷ್ಟೆಂದು ಅಂದಾಜಿಸಲಾದ ಜ್ವಾಲೆಯನ್ನು ಕಂಡಿತು. ತಿಂಗಳ ಕೊನೆಗೆ ಅದು ಪೂರ್ವದಂಚಿನಲ್ಲಿ ಮರಳಿ ಕಾಣಿಸಿಕೊಂಡಾಗ, ಪ್ರತಿ ಸುತ್ತಿಗೂ ಹೊಸ ಸಂಖ್ಯೆ ಕೊಡುವ ರೂಢಿಯಂತೆ, ಅದಕ್ಕೆ 13697 ಎಂಬ ಸಂಖ್ಯೆ ಸಿಕ್ಕಿತು. ಕಲೆಗಳು ಚದುರಿ ಮೊದಲಿಗಿಂತ ಕುಗ್ಗಿದ್ದವು; ಆದರೂ ಗಡಿಯ ಬಳಿ ಡೆಲ್ಟಾ ಉಳಿದೇ ಇತ್ತು, ಮೇ 29ರಂದು ಎಕ್ಸ್ 1.4ರ ಇನ್ನೊಂದು ಜ್ವಾಲೆಯೂ ಬಂತು.